ಗಾಡಿ ಹೊಡೆದವರು ಯಾರು

ನಮ್ಮ ಕಡೆ ಗಾಡಿ ಓಡಿಸುವುದಕ್ಕೆ ಗಾಡಿ ಹೊಡೆಯುವುದು ಎನ್ನುತ್ತಾರೆ. ಎತ್ತಿನ ಬಂಡಿಯ ಕಾಲದ ಮಾತು. ಬಾರುಕೋಲು ಹೋದರೂ ಮಾತು ಉಳಿದಿದೆ. ನನ್ನ ಭಾವ, ಅಂದರೆ ನನ್ನ ಒಬ್ಬಳೇ ಅಕ್ಕನ ಗಂಡ, ಗಾಡಿ ಹತ್ತುವ ಮುಂಚೆಯೇ ಹೊಡೆಯಲು ಶುರು ಮಾಡುತ್ತಿದ್ದ.

ಆ ದಿನವೂ ಮೊದಲು ಟೈರಿಗೆ ಒದ್ದ. ಆಮೇಲೆ ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ಏಟು ಕೊಟ್ಟ. ಮುಂದಿನ ಬಾಗಿಲನ್ನು ಪೂರ್ತಿ ತೆರೆದು, ಮೈಭಾರವನ್ನೆಲ್ಲ ಹಾಕಿ ಬಡಿದ. ಮತ್ತೆ ತೆರೆದ, ಮತ್ತೆ ಬಡಿದ. ಹೀಗೆ ಐದು ಸಲ. ಬೀದರದ ಪಕ್ಕದ ನೌಬಾದದ ಆ ಹಳೆ ಗಾಡಿಗಳ ಅಂಗಳದಲ್ಲಿ ಪ್ರತಿ ಏಟಿಗೂ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದು ಎದ್ದು ಕೂತವು. ಗಾಡಿ ಮಾರುವವನು ಪಕ್ಕದಲ್ಲಿ ನಿಂತು, ಏಟು ತನಗೇ ಬಿದ್ದಂತೆ ಕಣ್ಣು ಮುಚ್ಚಿ ತೆರೆಯುತ್ತಿದ್ದ.

"ಸಾಹೇಬ್ರ, ಮೆಲ್ಲಗ್ರಿ. ಮಾಲು ಇನ್ನಾ ನಂದೇ ಅದ."

"ಬಡದ್ರೇ ಗೊತ್ತಾಗ್ತದ," ಅಂದ ಭಾವ. "ಎಮ್ಮಿ ಇರ್ಲಿ, ಗಾಡಿ ಇರ್ಲಿ. ಗಟ್ಟಿ ಇದ್ದದ್ದು ಬ್ಯಾರೇನೇ ಸಪ್ಪಳ ಮಾಡ್ತದ."

ಅಕ್ಕ ಬೇವಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಅದೇ ಬೆಳಿಗ್ಗೆ ಬೀದರದ ದವಾಖಾನೆಯಲ್ಲಿ ಅವಳ ಎಡಗೈಯ ಪ್ಲಾಸ್ಟರನ್ನು ಕತ್ತರಿಸಿ ತೆಗೆದಿದ್ದರು. ಕೈ ಬಿಳಿಚಿ, ಸಿಪ್ಪೆ ಎದ್ದು, ಬೇರೆ ಯಾರದೋ ಕೈಯಂತೆ ಅವಳ ಮಡಿಲಲ್ಲಿ ಬಿದ್ದಿತ್ತು. ಆರು ವಾರದ ಹಿಂದೆ ಔರಾದದಿಂದ ಒಬ್ಬಳೇ ಬಸ್ಸಿನಲ್ಲಿ ಭಾಲ್ಕಿಯ ನಮ್ಮ ಮನೆಗೆ ಬಂದಿದ್ದಳು. "ಮೆಟ್ಲ ಮ್ಯಾಲ ಜಾರಿದೆ," ಅಂದಿದ್ದಳು. ನಾವು ಹೌದೇ ಅಂದಿದ್ದೆವು. ಅವಳ ಗಂಡನ ಮನೆಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಮನೆಗೆ ಇರುವುದು ಒಂದೇ ಮೆಟ್ಟಿಲು.

ಪ್ಲಾಸ್ಟರ್ ತೆಗೆಯುವ ತನಕ ತವರಿನಲ್ಲಿರಲಿ ಎಂದು ಮಾತಾಗಿತ್ತು. ಇವತ್ತು ತೆಗೆದಿದ್ದರು, ಇವತ್ತೇ ಭಾವ ಕರೆದೊಯ್ಯಲು ಬಂದಿದ್ದ. ಗಾಡಿ ಕೊಳ್ಳಬೇಕೋ ಬೇಡವೋ ಎಂಬುದು ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಸಂಜೆಗೆ ಅಕ್ಕ ಔರಾದದಲ್ಲಿ ಇಳಿಯಲೇಬೇಕೋ ಎಂಬ ಇನ್ನೊಂದು ಪ್ರಶ್ನೆಯನ್ನು ಯಾರೂ ಬಾಯಿಗೆ ತರಲಿಲ್ಲ. ಇಳಿಸಿ ಬರಬೇಕಾದವನು ನಾನು. ಕರೆಯಲು ಗಂಡ ಬಂದರೂ ಕಳಿಸಲು ತಮ್ಮ ಹೋಗಬೇಕು. ನಮ್ಮ ಮನೆಯಲ್ಲಿ ಹಾಗೆಯೇ ನಡೆದು ಬಂದಿದೆ.

ಗಾಡಿ ಬೇಕಾದದ್ದು ಅವ್ವನಿಗಾಗಿ. ನಮ್ಮ ಹಳೆ ಡೀಸೆಲ್ ಜೀಪು ಎತ್ತರದ್ದು, ಅವ್ವನ ಮೊಣಕಾಲು ಅದಕ್ಕೆ ಏಳುತ್ತಿರಲಿಲ್ಲ. ಭಾಲ್ಕಿಯಲ್ಲಿ ನನ್ನದು ಟೈರಿನ ಅಂಗಡಿ, ಈ ಮಾರುವವನ ಗಾಡಿಗಳಿಗೆ ಟೈರು ಹಾಕುವವನು ನಾನೇ. ಎಂಟು ಮಂದಿ ಕೂಡುವ, ತಗ್ಗಿನ, ಬಾಗಿಲು ಪಕ್ಕಕ್ಕೆ ಸರಿಯುವ ಒಂದು ವ್ಯಾನ್ ಬಂದಿದೆ, ಸಂಜೆಯ ತನಕ ಇಟ್ಟುಕೊಂಡು ನೋಡಿ ಎಂದು ಫೋನು ಮಾಡಿದ್ದ. ಗಾಡಿಯ ವಿಷಯ ಎಂದರೆ ಭಾವನನ್ನು ಕೇಳದೆ ಆಗುತ್ತಿರಲಿಲ್ಲ. ಅವನು ಔರಾದದಿಂದ ಬಸ್ಸಿನಲ್ಲಿ ನೌಬಾದಕ್ಕೆ ಬಂದಿಳಿದ.

ಮಾರುವವನು ನಮ್ಮನ್ನೆಲ್ಲ ಗಾಡಿಯ ಬಾಗಿಲಿಗೆ ಕರೆದ. "ಇದು ಹೈಬ್ರಿಡ್ ರಿ. ಪೆಟ್ರೋಲೂ ಅದ, ಬ್ಯಾಟ್ರಿನೂ ಅದ. ಮೆಲ್ಲಗ ಹೋಗೋವಾಗ ಬ್ಯಾಟ್ರಿ ಮ್ಯಾಲೇ ಹೋಗ್ತದ, ಇಂಜಿನ್ ಬಂದ್ ಇರ್ತದ." ಒಂದು ಗುಂಡಿ ಒತ್ತಿದ. ಏನೂ ಆಗಲಿಲ್ಲ.

"ಚಾಲೂನೇ ಆಗ್ಲಿಲ್ಲಲ್ಲೋ," ಅಂದ ಭಾವ. "ಸುರುವಿಗೇ ಧೋಕಾ."

"ಆಗ್ಯಾದ್ರಿ. ಇಲ್ಲಿ ನೋಡ್ರಿ, ಹಸರು ಅಕ್ಷರ. ರೆಡಿ ಅಂತ ಬಂತಂದ್ರ ಚಾಲೂ ಅದ ಅಂತ ತಿಳೀಬೇಕು. ಸಪ್ಪಳದ ಮ್ಯಾಲ ಹೋಗ್ಬ್ಯಾಡ್ರಿ. ಬ್ರೇಕ್ ಒತ್ತಬೇಕು, ಈ ಗೇರಿನ ಕಡ್ಡಿ ಹಿಂದಕ ಎಳೀಬೇಕು, ಬ್ರೇಕ್ ಬಿಡಬೇಕು. ಮುಗೀತು. ನಿಂದ್ರಸ್ಬೇಕಂದ್ರ ಈ ಇನ್ನೊಂದು ಗುಂಡಿ, ಗಾಲಿ ಹಿಡೀತದ, ಗಾಡಿ ಚಾಲೂನೇ ಇರ್ತದ. ಕ್ಲಚ್ ಇಲ್ಲ, ಏನಿಲ್ಲ. ಹೆಣ್ಮಕ್ಕಳೂ ಹೊಡೀತಾರ."

"ಸಪ್ಪಳ ಇಲ್ದಿದ್ರೂ ಚಾಲೂ ಇರ್ತದಾರಿ?" ಎಂದು ಅಕ್ಕ ಕೇಳಿದಳು.

"ಇರ್ತದ್ರಿ ಅಕ್ಕಾರ."

"ನಿಂಗ್ಯಾಕ ಅದು?" ಅಂದ ಭಾವ. "ನೀ ಹಿಂದ ಕೂಡಾಕಿ."

ಅಕ್ಕ ಆ ಪ್ರಶ್ನೆ ಕೇಳಿದ್ದು ನನಗೆ ನೆನಪಿದೆ. ಅಥವಾ ಆಮೇಲೆ ನಡೆದದ್ದಕ್ಕೆ ಜೋಡಿಸಲು ನನ್ನ ತಲೆಯೇ ಅದನ್ನು ತಯಾರಿಸಿ ಅವಳ ಬಾಯಲ್ಲಿ ಇಟ್ಟಿದೆ. ಮಾರುವವನನ್ನು ಒಮ್ಮೆ ಕೇಳಿ ನೋಡಿದೆ. "ದಿನಾ ಎಷ್ಟೋ ಮಂದಿ ಕೇಳ್ತಾರ್ರಿ, ಯಾರಂತ ನೆನಪಿಡಲಿ," ಅಂದ. ಭಾವ ಹೇಳಿದ "ನೀ ಹಿಂದ ಕೂಡಾಕಿ" ಎಂಬ ಮಾತಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಆ ಮಾತು ಇದ್ದುದರಿಂದ ಅದಕ್ಕೆ ಮುಂಚೆ ಒಂದು ಪ್ರಶ್ನೆ ಇದ್ದಿರಲೇಬೇಕು.

ಅಕ್ಕನನ್ನು ನಾನು ಕರೆತಂದಿದ್ದ ಜೀಪನ್ನು ಅಲ್ಲೇ ಬಿಟ್ಟು ಹೊರಟೆವು. ಭಾಲ್ಕಿಯ ತನಕ ಭಾವನೇ ಹೊಡೆದ. ನೌಬಾದ ದಾಟುತ್ತಲೇ ವೇಗ ಏರಿಸಿ, ಏನೂ ಹೇಳದೆ ಬ್ರೇಕಿನ ಮೇಲೆ ನಿಂತ. ಸೀಟಿನ ಪಟ್ಟಿ ನನ್ನ ಕುತ್ತಿಗೆಯನ್ನು ಕೊಯ್ದಂತಾಯಿತು. ಹಿಂದಿನಿಂದ ಅಕ್ಕ ನನ್ನ ಸೀಟಿನ ಬೆನ್ನಿಗೆ ಬಂದು ಬಡಿದಳು. "ಬ್ರೇಕ್ ಚಲೋ ಅದ," ಅಂದ. ಸ್ವಲ್ಪ ದೂರ ಹೋಗಿ ಮತ್ತೊಮ್ಮೆ. ಈ ಸಲ ಅಕ್ಕ ಮೊದಲೇ ಬಲಗೈ ಚಾಚಿ, ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ತಯಾರಾಗಿದ್ದಳು. ಅವನ ಕಾಲು ಬ್ರೇಕಿನ ಕಡೆ ಹೋಗುವುದು ಅವಳಿಗೆ ಹೇಗೆ ಮುಂಚೆಯೇ ತಿಳಿಯಿತು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ.

ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡಲಿಲ್ಲವೆಂದು ಅದರ ಪಕ್ಕಕ್ಕೇ ಗಾಡಿ ನುಗ್ಗಿಸಿದ. ಕಬ್ಬಿನ ತುದಿಗಳು ಕಿಟಕಿಯ ಗಾಜಿಗೆ ಟಪಟಪ ಹೊಡೆದವು. ಟ್ರ್ಯಾಕ್ಟರಿನವನ ಬೈಗುಳಕ್ಕೆ ಕಿಟಕಿ ಇಳಿಸಿ ಅದಕ್ಕಿಂತ ದೊಡ್ಡ ಬೈಗುಳ ಕೊಟ್ಟು, ಕಿಟಕಿ ಏರಿಸಿ, ನನ್ನ ತೊಡೆಗೆ ಬಡಿದು ನಕ್ಕ. "ಹ್ಯಾಂಗ ಸಾಲೇ ಸಾಹೇಬ್? ಪಿಕಪ್ ನೋಡ್ದಿ?" ಸಾಲೇ ಎಂದರೆ ಬೈಗುಳವೂ ಹೌದು, ಹೆಂಡತಿಯ ತಮ್ಮನೂ ಹೌದು. ಅವನು ಎರಡನ್ನೂ ಸೇರಿಸಿಯೇ ಹೇಳುತ್ತಿದ್ದ. ನಾನೂ ನಕ್ಕೆ. ಅವನ ಜೊತೆ ನಗುವುದು ನನಗೆ ರೂಢಿಯಾಗಿತ್ತು.

ಭಾಲ್ಕಿಯ ನಮ್ಮ ಓಣಿಗೆ ತಿರುಗಿದಾಗ ಗಾಡಿ ಬ್ಯಾಟರಿಯ ಮೇಲೆ ಬಂತು. ಓಣಿಯ ಕೆಂಪು ನಾಯಿ ದಾರಿಯ ನಡುವೆ ಮಲಗಿತ್ತು. ನಮ್ಮ ಜೀಪಿನ ಸದ್ದು ತಿರುವಿನಲ್ಲಿ ಕೇಳುತ್ತಲೇ ಎದ್ದು ಬದಿಗೆ ಹೋಗುವ ನಾಯಿ ಅದು. ಇದಕ್ಕೆ ಏಳಲಿಲ್ಲ.

"ಭಾವಾರ, ನಾಯಿ," ಅಂದೆ.

"ಏಳ್ತದ ಬಿಡು."

ಹಿಂಗಾಲಿನ ಮೇಲೆ ಗಾಲಿ ಹತ್ತಿದ್ದು ಒಳಗೆ ಕೂತ ನಮಗೆ ತಿಳಿಯಲೇ ಇಲ್ಲ. ಕೂಗು ಕೇಳಿದ ಮೇಲೆ ತಿಳಿಯಿತು. ಆ ಕೂಗು ಮನೆಯ ಅಂಗಳದ ತನಕ ನಮ್ಮ ಹಿಂದೆಯೇ ಬಂತು. ನಾಯಿ ಕಾಲು ಎಳೆಯುತ್ತ ಗಟಾರದೊಳಗೆ ಇಳಿಯಿತು. ಭಾವ ಇಳಿದು ಗಾಲಿ ನೋಡಿದ, ಗಾಡಿಗೆ ಏನೂ ಆಗಿರಲಿಲ್ಲ. "ಕಿವಡ ನಾಯಿ," ಅಂದ.

ಅವ್ವ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಗುಂಡಿ ಒತ್ತಿದೊಡನೆ ಬಾಗಿಲು ತಾನೇ ಸರಿಯುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಒಂದು ಕಾಲಿಟ್ಟು, ಇನ್ನೊಂದು ಕಾಲಿಟ್ಟು ಒಳಗೆ ಕೂತಳು. ಎಷ್ಟೋ ವರ್ಷಗಳಿಂದ ಅವಳು ತಾನೇ ಗಾಡಿ ಹತ್ತಿದ್ದನ್ನು ನಾನು ನೋಡಿರಲಿಲ್ಲ.

"ಏನಂತಾರ ಇದಕ್ಕ?"

"ಹೈಬ್ರಿಡ್, ಅವ್ವಾ."

"ಹೈಬ್ರಿಡ್?" ಅವ್ವ ಮೂಗು ಮುರಿದಳು. "ಹೈಬ್ರಿಡ್ ಜ್ವಾಳ ತಂದ್ರ ನಾವು ಎಮ್ಮಿಗಿ ಹಾಕ್ತಿದ್ದೆವು. ರೊಟ್ಟಿ ಅಂಬೋದು ಚರ್ಮಾ ಆಗ್ತಿತ್ತು. ಜವಾರಿ ಗಾಡಿ ಸಿಗ್ಲಿಲ್ಲೇನು ನಿಮಗ?"

"ಜವಾರಿ ಗಾಡಿಗಿ ಎತ್ತು ಹೂಡಬೇಕಾಗ್ತದ, ಅತ್ತಿ," ಎಂದು ಭಾವ ನಕ್ಕ. ಅವ್ವ ಅವನ ಕಡೆ ನೋಡದೆ ಸೀಟಿನ ಬಟ್ಟೆಯನ್ನು ಸವರುತ್ತಿದ್ದಳು.

ಊಟಕ್ಕೆ ಕೂತಾಗ ಭಾವ ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿ ಒಡೆದ. ಎಲ್ಲರೂ ಹಾಗೇ ಒಡೆಯುತ್ತಾರೆ, ನಾನೂ ಒಡೆಯುತ್ತೇನೆ. ಆದರೆ ಆ ಗುದ್ದಿಗೆ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಹಿಡಿದು ನಿಂತಿದ್ದ ಅಕ್ಕನ ಭುಜ ಕಿವಿಯ ತನಕ ಏರಿ ಇಳಿಯಿತು. ಅವ್ವ ಅದನ್ನು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.

ಹೊರಡುವ ಮುಂಚೆ ಒಳಕೋಣೆಯಲ್ಲಿ ಅವ್ವ ಅಕ್ಕನ ಉಡಿ ತುಂಬಿದಳು. ತವರಿನಿಂದ ಹೋಗುವ ಮಗಳ ಸೆರಗಿಗೆ ಅಕ್ಕಿ, ಕುಪ್ಪಸದ ಖಣ, ಎಲೆ ಅಡಿಕೆ, ಒಂದು ತೆಂಗಿನಕಾಯಿ. ನಾನು ಹೊಸ್ತಿಲಲ್ಲಿ ನಿಂತಿದ್ದೆ.

"ಅವ್ವಾ, ಇನ್ನೊಂದ್ ವಾರ ಇರ್ಲೇನು?" ಎಂದು ಅಕ್ಕ ಕೇಳಿದಳು.

"ಕರೀಲಾಕ ಬಂದಾರ. ಹ್ಯಾಂಗ ಬ್ಯಾಡ ಅನ್ಲಿ?" ಅವ್ವನ ಕೈಯಿಂದ ಅಕ್ಕಿ ಒಂದಿಷ್ಟು ನೆಲಕ್ಕೆ ಬಿತ್ತು. "ತಮ್ಮಗ ಕೇಳು."

ಅಕ್ಕ ನನ್ನ ಕಡೆ ತಿರುಗಿದಳು. ಕೇಳಲಿಲ್ಲ, ಬರೀ ನೋಡಿದಳು. ನಾನು ಗಾಡಿಯ ಕೀಲಿ ಎಲ್ಲಿ ಎಂದು ಜೇಬು ತಡಕಿದೆ. ಆ ಗಾಡಿಯನ್ನು ಚಾಲೂ ಮಾಡಲು ಕೀಲಿ ಕೈಯಲ್ಲಿ ಹಿಡಿಯಬೇಕಾಗಿಯೇ ಇರಲಿಲ್ಲ.

ಔರಾದದ ಕಡೆ ನಾನು ಹೊಡೆದೆ. ಭಾವ ನಡುವಿನ ಸಾಲಿನಲ್ಲಿ, ಸರಿಯುವ ಬಾಗಿಲಿನ ಪಕ್ಕದ ಸೀಟನ್ನು ಹಿಂದಕ್ಕೆ ಚಾಚಿ ಒರಗಿದ. "ಮಾಲಕನ ಸೀಟು ಹ್ಯಾಂಗ ಅದ ನೋಡಮು," ಅಂದ. ಅಕ್ಕ ಅವನ ಪಕ್ಕದ ಸೀಟಿನಲ್ಲಿ ತುಂಬಿದ ಉಡಿ ಹಿಡಿದು ಕೂತಳು.

ಇಲ್ಲಿ ಜೀಪಿನ ಬಗ್ಗೆ ಹೇಳಬೇಕು. ಆರು ವರ್ಷ ಇವರಿಬ್ಬರನ್ನೂ ಹಬ್ಬಕ್ಕೆ, ಮದುವೆಗೆ, ಸಾವಿಗೆ ಕರೆತಂದು ಬಿಟ್ಟವನು ನಾನು. ಜೀಪು ಚಾಲೂ ಆದರೆ ಪಕ್ಕದವನು ಕೂಗಿದರೂ ಕೇಳದು. ಅದಕ್ಕೇ ನನಗೇನೂ ಗೊತ್ತಾಗಲಿಲ್ಲ ಎಂದು ಬಹಳ ದಿನ ಹೇಳಿಕೊಂಡು ಬಂದೆ. ಬೇರೆಯವರಿಗಲ್ಲ, ನನಗೇ. ಆದರೆ ಅವರು ಹಿಂದೆ ಕೂತೊಡನೆ ಒಳಗಿನ ಕನ್ನಡಿಯನ್ನು ನಾನು ಮೇಲಕ್ಕೆ ತಿರುಗಿಸುತ್ತಿದ್ದೆ, ಅದರಲ್ಲಿ ಛಾವಣಿಯ ಹರಿದ ರೆಕ್ಸಿನ್ ಮಾತ್ರ ಕಾಣುವಂತೆ. ಹಿಂದಿನಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂಬುದು ಅದಕ್ಕೆ ನಾನು ಕೊಟ್ಟುಕೊಂಡ ಕಾರಣ. ಈ ವ್ಯಾನಿನ ಕನ್ನಡಿಯನ್ನು ಮಾರುವವನು ಸರಿಯಾಗಿ ಕೂರಿಸಿಟ್ಟಿದ್ದ. ಬೇರೆಯವರ ಗಾಡಿ ಎಂದು ನಾನು ಮುಟ್ಟಲಿಲ್ಲ.

ಔರಾದ ಬಂತು. ಮನೆಯ ಕಡೆ ತಿರುಗಿಸಲು ಹೋದರೆ ಭಾವ ಬೇಡ ಅಂದ. "ಡಾಬಕಾ ಹಾದಿಗಿ ಹೊಡಿ. ಡಾಂಬರಿನ ಮ್ಯಾಲ ಎಲ್ಲಾ ಗಾಡಿನೂ ಚಲೋನೇ. ಕೆಟ್ಟ ಹಾದ್ಯಾಗ ಅದರ ಕಸುವು ನೋಡಬೇಕು." ಆ ಕಡೆ ಅವನ ಹೊಲವಿತ್ತು. ಅಲ್ಲಿಯವರಿಗೆ ಗಾಡಿ ತೋರಿಸುವ ಆಸೆಯೂ ಇತ್ತು. ಹಾದಿಯ ಗುಂಡಿಗಳಿಗೆ ಗಾಡಿಯ ಹೊಟ್ಟೆ ಎರಡು ಸಲ ನೆಲಕ್ಕೆ ಬಡಿಯಿತು. ಪ್ರತಿ ಸಲವೂ ಭಾವ "ಇನ್ನಾ ಜೋರು" ಅಂದ.

ಆಮೇಲೆ ಕುರಿಗಳು ಸಿಕ್ಕವು. ಹಾದಿಯ ತುಂಬ, ಎರಡೂ ಬದಿಯ ಮುಳ್ಳುಬೇಲಿಯ ತನಕ ಕುರಿ. ಮುಂದೆ ಕಂಬಳಿ ಹೊದ್ದ ಒಬ್ಬ ಮುದುಕ. ಹಾರ್ನ್ ಹೊಡೆದರೆ ಬೆದರಿ ಹೊಲಕ್ಕೆ ನುಗ್ಗುತ್ತವೆಂದು ನಾನು ನಿಲ್ಲಿಸಿದೆ. ಇಂಜಿನ್ ತಾನಾಗಿ ಬಂದ್ ಆಯಿತು.

ಅಷ್ಟು ಸದ್ದಿಲ್ಲದಿರುವುದನ್ನು ನಾನು ಗಾಡಿಯೊಳಗೆ ಎಂದೂ ಕೇಳಿರಲಿಲ್ಲ. ಗೊರಸುಗಳು ಮಣ್ಣಿಗೆ ತಾಗುವುದು ಕೇಳುತ್ತಿತ್ತು. ಮುದುಕನ ಕೆಮ್ಮು ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ಭಾವ ಆಡುತ್ತಿದ್ದ ಮಾತೂ ಕೇಳುತ್ತಿತ್ತು. ಅವನು ಅದನ್ನು ಜೀಪಿನ ಸದ್ದಿನ ಅಳತೆಯಲ್ಲಿ ಆಡುತ್ತಿದ್ದ, ಹೆಂಡತಿಗೆ ಮಾತ್ರ ತಲುಪುವಂತೆ.

"ಆ ಮುದುಕಿ, ನಿಮ್ಮವ್ವನ ಕಿವ್ಯಾಗ ಏನೇನ್ ಊದಿ?"

"ಏನೂ ಇಲ್ರಿ."

"ಏನೂ ಇಲ್ದೇ ನನ್ನ ಮಾರಿ ನೋಡ್ಲಿಲ್ಲಾ ಅಕಿ?"

"ಕೈ ಬಿಡ್ರಿ. ತಮ್ಮ ಇದ್ದಾನ."

"ಇರ್ಲಿ. ಹೊಸಾ ಕೈ ಅಲ್ಲಾ ಇದು? ಎಷ್ಟು ಗಟ್ಟಿ ಆಗ್ಯಾದ ನೋಡಮು."

ಆಮೇಲಿನ ಸದ್ದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಏಟಲ್ಲ ಅದು. ಹಸಿ ಬೆಂಡೆಕಾಯಿಯ ತುದಿ ಮುರಿದು ನೋಡುವಾಗ ಬರುವಷ್ಟೇ ಸಣ್ಣ ಸದ್ದು, ಅದರ ಹಿಂದೆ ಅಕ್ಕನ ಮೂಗಿನಿಂದ ಹೊರಬಂದ ಉಸಿರು. ಅವಳು ಕೂಗಲಿಲ್ಲ. ಆಮೇಲೆ ಅಕ್ಕಿ ಸುರಿದ ಸದ್ದು. ಆಮೇಲೆ ಉಡಿಯ ತೆಂಗಿನಕಾಯಿ ಗಾಡಿಯ ಸಪಾಟು ನೆಲದ ಮೇಲೆ ಗುಡುಗುಡು ಉರುಳುತ್ತ ಎರಡು ಸೀಟುಗಳ ನಡುವಿನಿಂದ ಮುಂದೆ ಬಂದು, ನನ್ನ ಹಿಮ್ಮಡಿಗೆ ತಾಗಿ ನಿಂತಿತು.

ಕನ್ನಡಿಯಲ್ಲಿ ಅಕ್ಕನ ಮುಖ ಇತ್ತು. ಅವಳು ಕನ್ನಡಿಯನ್ನೇ ನೋಡುತ್ತಿದ್ದಳು.

ಗಾಡಿ ನಿಲ್ಲಿಸುವ ಗುಂಡಿ ಒತ್ತಿದೆನೋ ಇಲ್ಲವೋ, ಆ ಮಾತು ಆಮೇಲೆ. ತೆಂಗಿನಕಾಯಿ ಕೈಗೆ ತಗೊಂಡು ಇಳಿದೆ. ಸುತ್ತಿ ಬಂದು ಸರಿಯುವ ಬಾಗಿಲಿನ ಹಿಡಿಕೆ ಜಗ್ಗಿದೆ. ಅದು ಜಗ್ಗಿದರೆ ತೆರೆಯುವ ಬಾಗಿಲಲ್ಲ. ಕೀಂ ಕೀಂ ಎನ್ನುತ್ತ, ತನ್ನ ಪಾಡಿಗೆ ಮೆಲ್ಲಗೆ ಸರಿಯಿತು. ಅದು ತೆರೆಯುವ ತನಕ ನಾನು ಹಲ್ಲು ಕಚ್ಚಿ ಹೊರಗೆ ನಿಂತಿದ್ದೆ, ಭಾವ ಒಳಗೆ ನನ್ನನ್ನೇ ನೋಡುತ್ತ ಕೂತಿದ್ದ. ಬಾಗಿಲು ಅರ್ಧ ಸರಿದಾಗ ಅವನು ಕೇಳಿದ: "ಏನಾಯ್ತೋ ಸಾಲೇ?"

ಕಾಲರ್ ಹಿಡಿದು ಎಳೆದೆ. ಅವನು ಬಂದದ್ದೇ ನನ್ನ ಮೇಲೆ ಬಿದ್ದ. ಕೆಳಗೆ ಬಿದ್ದಾಗ ನನ್ನ ತಲೆ ಕಲ್ಲಿಗೆ ಬಡಿಯಿತು. ಅವನ ಮುಷ್ಟಿ ಉಳ್ಳಾಗಡ್ಡಿಗೆ ಬಿದ್ದಂತೆಯೇ ನನ್ನ ಬಾಯಿಯ ಮೇಲೆ ಬಿತ್ತು. ಒಂದು ಹಲ್ಲು ನಾಲಿಗೆಯ ಮೇಲೆ ಬಂತು. ನಾನು ತೆಂಗಿನಕಾಯಿಯಿಂದ ಅವನ ಕಿವಿಗೆ ಹೊಡೆದೆ. ಮತ್ತೆ ಹೊಡೆದೆ. ಕಾಯಿ ಒಡೆದು ನೀರು ಇಬ್ಬರ ಮುಖದ ಮೇಲೂ ಸುರಿಯಿತು. ಅವನಿಗೆ ಹೊಡೆಯುವಾಗ ನನಗೆ ಒಂದು ರೀತಿಯ ಸುಖವಾಯಿತು ಎಂದೂ ಹೇಳಬೇಕು. ಆರು ವರ್ಷದಿಂದ ಅಕ್ಕನಿಗಾಗಿ ಕಾದಿಟ್ಟ ಕೋಪ ಅದು ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜ ಅಷ್ಟು ಚೊಕ್ಕವಲ್ಲ. ಅವನ ಜೊತೆ ನಕ್ಕ ಪ್ರತಿ ನಗುವಿಗೂ ಒಂದೊಂದು ಏಟು ಕೊಡುತ್ತಿದ್ದೆ.

"ಏ ಯಾರ್ರಪಾ ನೀವು!" ಕುರಿಯ ಮುದುಕ ಕೋಲು ಎತ್ತಿ ಓಡಿ ಬಂದ. "ಕುರಿ ಬೆದರ್ತಾವ! ಬಡದಾಡೋದಿದ್ರ ಆ ಹೊಲದಾಗ ಹೋಗಿ ಬಡದಾಡ್ರಿ!" ಕೋಲನ್ನು ಇಬ್ಬರ ನಡುವೆ ತುರುಕಿ, ನನ್ನ ಎದೆಗೆ ಒತ್ತಿ ಬೇಲಿಯ ಕಡೆ ತಳ್ಳಿದ.

ಭಾವ ಎದ್ದ. ಕಿವಿಯಿಂದ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ಗಾಡಿಯ ಮುಂದೆ ಹೋಗಿ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತ, ಉಸಿರು ತಗೊಂಡ. ಗಾಡಿ ಬಂದ್ ಇದೆ ಎಂದು ಅವನಿಗೂ ಅನಿಸಿತ್ತು, ನನಗೂ ಅನಿಸಿತ್ತು, ಮುದುಕನಿಗೂ ಅನಿಸಿತ್ತು. ಸದ್ದೇ ಇರಲಿಲ್ಲ. ಭಾವ ತಿರುಗಿ ನೋಡದೆ, ಬೆನ್ನ ಹಿಂದಿನ ಗಾಜಿಗೆ ಕೇಳುವಂತೆ ಕೂಗಿದ. "ಇಳಿಯೇ ಕೆಳಗ! ಮನಿ ತನಕ ನಡಕೋತ ಬಾ. ಇವತ್ತ ಆ ಇನ್ನೊಂದು ಕೈಯೂ ನೋಡ್ತೇನಿ."

ಗಾಡಿ ಮುಂದೆ ಬಂತು.

ಮೆಲ್ಲಗೆ ಬಂತು, ಮನುಷ್ಯ ನಡೆಯುವಷ್ಟು ಮೆಲ್ಲಗೆ. ಅವನ ಬೆನ್ನನ್ನು ತಳ್ಳಿತು. ಎರಡು ಹೆಜ್ಜೆ ಅವನು ಏನೆಂದು ತಿಳಿಯದೆ ಗಾಡಿಯ ಜೊತೆಗೇ ನಡೆದ. ಮೂರನೆಯದಕ್ಕೆ ಗುಂಡಿಯಲ್ಲಿ ಕಾಲು ಸಿಕ್ಕಿ ಪಕ್ಕಕ್ಕೆ ಬಿದ್ದ. ಎಡಗಡೆಯ ಮುಂದಿನ ಗಾಲಿ ಅವನ ಮೊಣಕಾಲ ಕೆಳಗೆ ಹತ್ತಿ ಇಳಿಯಿತು. ಈ ಸಲದ ಸದ್ದು ಎಲ್ಲರಿಗೂ ಕೇಳಿತು. ಭಾವನ ಕೂಗಿಗೆ ಕುರಿಗಳು ಬೇಲಿ ಮುರಿದು ತೊಗರಿಯ ಹೊಲಕ್ಕೆ ನುಗ್ಗಿದವು. ಒಂದು ಮಾರು ಮುಂದೆ ಹೋಗಿ ಗಾಡಿ ನಿಂತಿತು. ನಿಂತ ಮೇಲೆ, ಯಾರೂ ಏನೂ ಮಾಡದೆ, ಇಂಜಿನ್ ಚಾಲೂ ಆಯಿತು.

ಗಾಜಿನ ಹಿಂದೆ ನನ್ನ ಸೀಟಿನಲ್ಲಿ ಅಕ್ಕ ಇದ್ದಳು.

ಅವಳು ಹೇಗೆ ಇದ್ದಳು ಎಂಬುದು ನನ್ನಲ್ಲಿ ಎರಡು ತರಹ ಇದೆ. ಒಂದರಲ್ಲಿ ಅವಳು ಎರಡು ಸೀಟುಗಳ ನಡುವಿನಿಂದ ಮುಂದೆ ಬಂದು, ನಾನು ತೆರೆದು ಬಿಟ್ಟಿದ್ದ ಬಾಗಿಲನ್ನು ಹಾಕಿಕೊಳ್ಳಲು ಬಗ್ಗಿದ್ದಾಳೆ, ಹೆದರಿದ್ದಾಳೆ, ಕಾಲು ಎಲ್ಲೋ ತಾಗಿದೆ. ಇನ್ನೊಂದರಲ್ಲಿ ನೆಟ್ಟಗೆ ಕೂತಿದ್ದಾಳೆ, ಬಲಗೈ ಸ್ಟೀರಿಂಗಿನ ಮೇಲಿದೆ, ಎಡಗೈ ಮಡಿಲಲ್ಲಿದೆ. ಎರಡೂ ನನಗೆ ಸ್ಪಷ್ಟವಾಗಿಯೇ ಕಾಣುತ್ತವೆ. ಆದರೆ ನಾನು ಟೈರಿನವನು, ಗಾಡಿಗಳ ನಡುವೆಯೇ ಬದುಕುವವನು. ಗೇರಿನಲ್ಲಿ ಬಿಟ್ಟು ಇಳಿದಿದ್ದರೆ ನಾನು ಬ್ರೇಕಿನಿಂದ ಕಾಲು ತೆಗೆದೊಡನೆ ಗಾಡಿ ಕುರಿಗಳ ಮೇಲೆ ಹೋಗಬೇಕಿತ್ತು. ನಾವು ಅಷ್ಟು ಹೊತ್ತು ಬಡಿದಾಡಿದರೂ ಅದು ಅಲುಗಲಿಲ್ಲ. ಅಂದರೆ ನಾನು ಗುಂಡಿ ಒತ್ತಿಯೇ ಇಳಿದಿದ್ದೆ. ಅಂದರೆ ಯಾರೋ ಬ್ರೇಕ್ ಒತ್ತಬೇಕು, ಕಡ್ಡಿ ಹಿಂದಕ್ಕೆ ಎಳೆಯಬೇಕು, ಬ್ರೇಕ್ ಬಿಡಬೇಕು. ಮುಗಿಯಿತು.

"ಗಾಡಿ ಬಂದ್ ಇತ್ತಲ್ಲೋ ಯಪ್ಪಾ!" ಮುದುಕ ದೂರ ನಿಂತು ಕೋಲಿನಿಂದ ಗಾಡಿ ತೋರಿಸುತ್ತಿದ್ದ. "ಸಪ್ಪಳೇ ಇದ್ದಿಲ್ಲ! ದೆವ್ವ ಬಡದದೇನು ಇದಕ್ಕ?"

ಅವನೂ ನಾನೂ ಸೇರಿ ಭಾವನನ್ನು ಎತ್ತಿ ಮಾಲಕನ ಸೀಟಿನಲ್ಲಿ ಮಲಗಿಸಿದೆವು. ಕಾಲು ಮೊಣಕಾಲ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು. ಅಕ್ಕ ಮುಂದೆ ನನ್ನ ಪಕ್ಕ ಕೂತಳು. ಔರಾದದ ತನಕ ಪ್ರತಿ ಗುಂಡಿಗೂ ಅವನು ಕಿರುಚಿದ. ಗಾಡಿ ಒಳ್ಳೆಯ ಗಾಡಿ, ಒಂದು ಕಿರುಚಾಟವೂ ನಮಗೆ ತಪ್ಪಲಿಲ್ಲ. ಬಾಯಿಯ ರಕ್ತವನ್ನು ನಾನು ಕಿಟಕಿಯಿಂದ ಉಗುಳುತ್ತ ಹೊಡೆದೆ.

ದವಾಖಾನೆಯಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆದೆ. ಬಾಯಿ ಊದಿಕೊಂಡಿತ್ತು, ಮಾತು ತಡವಾಯಿತು. ಅಷ್ಟರಲ್ಲಿ ಭಾವನೇ ಹೇಳಿದ.

"ಹೈಬ್ರಿಡ್ ಗಾಡಿ ರಿ. ತಾನೇ ಹೋಯ್ತು."

"ತಾನೇ ಹ್ಯಾಂಗ ಹೋಗ್ತದ? ಒಳಗ ಯಾರಿದ್ರು?"

"ಯಾರೂ ಇದ್ದಿಲ್ರಿ. ಬಂದ್ ಇತ್ತು. ತಾನೇ ಹೋಯ್ತು."

ಅವನು ಗೋಡೆ ನೋಡುತ್ತ ಹೇಳಿದ, ಚೂರೂ ಏರಿಳಿತವಿಲ್ಲದ ದನಿಯಲ್ಲಿ. ಆ ದನಿ ನನಗೆ ಪರಿಚಿತ. ಮೆಟ್ಟಿಲ ಮೇಲೆ ಜಾರಿದೆ ಎಂದಾಗ ಅಕ್ಕನ ದನಿ ಹಾಗೆಯೇ ಇತ್ತು. ಔರಾದದಂಥ ಊರಿನಲ್ಲಿ ಹೆಂಡತಿ ಮೈಮೇಲೆ ಗಾಡಿ ಹೊಡೆದಳು ಎಂದು ಯಾವ ಗಂಡಸು ಹೇಳಿಯಾನು? ಅವನ ಅಣ್ಣ ಬಂದ, ಅವನಿಗೂ ಅದನ್ನೇ ಹೇಳಿದ. ಕುರಿಯ ಮುದುಕನೂ ಊರಲ್ಲಿ ಅದನ್ನೇ ಹೇಳಿಕೊಂಡು ತಿರುಗಿದ. ಹೈಬ್ರಿಡ್ ಗಾಡಿಯನ್ನು ನಂಬಬಾರದು, ಬಂದ್ ಮಾಡಿದರೂ ಎದ್ದು ಹೋಗುತ್ತದೆ ಎಂದು ಆ ಕಡೆ ಇವತ್ತಿಗೂ ಹೇಳುವವರಿದ್ದಾರೆ. ನನ್ನ ಅಂಗಡಿಗೆ ಬಂದು ಖರೇ ಏನ್ರಿ ಎಂದು ಕೇಳಿದವರಿಗೆ ನಾನೂ ಹೂಂ ಅಂದಿದ್ದೇನೆ. ಎಷ್ಟು ಸಲ ಅಂದಿದ್ದೇನೆಂದರೆ, ಈಗೀಗ ಮೂರನೆಯದೊಂದು ಚಿತ್ರವೂ ನನಗೆ ಕಾಣತೊಡಗಿದೆ. ಅದರಲ್ಲಿ ಚಾಲಕನ ಸೀಟು ಖಾಲಿ.

ಮರುದಿನ ಮಾರುವವನು ಫೋನು ಮಾಡಿದ. "ಹ್ಯಾಂಗ ಓಡ್ತುರಿ ಗಾಡಿ?" ನನ್ನ ಬಾಯಿಗೆ ಹೊಲಿಗೆ ಹಾಕಿದ್ದರು. ಫೋನನ್ನು ಅವ್ವನಿಗೆ ಕೊಟ್ಟೆ. "ಹತ್ತಲಾಕ ಹಗೂರ ಅದಪಾ," ಅಂದಳು ಅವ್ವ. "ಇರ್ಲಿ ಬಿಡು, ಹೈಬ್ರಿಡ್ ಇದ್ರೂ." ಅವ್ವನಿಗೆ ನಾವು ಏನನ್ನೂ ಪೂರ್ತಿ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಆ ನಾಯಿಗೆ ಮಾತ್ರ ದಿನಾ ಗಟಾರದ ಹತ್ತಿರ ಹೋಗಿ ರೊಟ್ಟಿ ಹಾಕಿ ಬರುತ್ತಿದ್ದಳು.

ಆದರೆ ಇದನ್ನು ನಾನು ಅವಸರದಲ್ಲಿ ಮುಂಚೆಯೇ ಹೇಳಿಬಿಟ್ಟೆ. ಅದಕ್ಕಿಂತ ಮೊದಲು, ಆ ಸಂಜೆ, ಭಾವನನ್ನು ಅವನ ಅಣ್ಣನಿಗೆ ಒಪ್ಪಿಸಿ ದವಾಖಾನೆಯಿಂದ ಹೊರಬಂದ ಮೇಲೆ ಒಂದು ನಾಲ್ಕು ಹಾದಿ ಸೇರುವ ಜಾಗ ಇತ್ತು. ಎಡಕ್ಕೆ ಹೋದರೆ ಅಕ್ಕನ ಗಂಡನ ಮನೆ. ನೆಟ್ಟಗೆ ಹೋದರೆ ಭಾಲ್ಕಿ. ಅಲ್ಲಿ ಬ್ರೇಕ್ ಒತ್ತಿ ನಿಂತೆ. ಇಂಜಿನ್ ಬಂದ್ ಆಯಿತು. ಅಕ್ಕನ ಎಡಗೈ ಮತ್ತೆ ಊದತೊಡಗಿತ್ತು. ಅವಳ ಸೀರೆಯ ನೆರಿಗೆಯಲ್ಲಿ ಉಡಿಯ ಅಕ್ಕಿಯ ಕಾಳುಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಅವನ್ನು ಬಲಗೈಯಿಂದ ಒಂದೊಂದಾಗಿ ಆರಿಸುತ್ತಿದ್ದಳು.

ಎತ್ತ ಹೋಗಲಿ ಎಂದು ಕೇಳುವ ಧೈರ್ಯ ಆಗಲಿಲ್ಲ. ಬೇರೆ ಏನೋ ಕೇಳಿದೆ, ಒಡೆದ ಬಾಯಲ್ಲಿ.

"ಅಕ್ಕಾ, ಜೀಪಿನ್ಯಾಗೂ ಹಿಂಗೇ ಇತ್ತೇನು?"

"ಜೀಪಿನ್ಯಾಗ ನೀ ಕನ್ನಡಿ ಮ್ಯಾಲಕ ಮಾಡ್ತಿದ್ದಿ."

"ಬಿಸಲು ಹೊಡೀತಿತ್ತು, ಅಕ್ಕಾ."

"ಮಳಿ ದಿನಾನೂ?"

ಹಿಂದೆ ನಿಂತ ಬಸ್ಸಿನವನು ಹಾರ್ನ್ ಹೊಡೆದ. ನಾನು ಕನ್ನಡಿ ನೋಡಿದೆ. ನಡುವಿನ ಸೀಟಿನ ಮೇಲೆ ರಕ್ತ ಒಣಗುತ್ತಿತ್ತು, ನೆಲದ ಮೇಲೆ ಅಕ್ಕಿ ಚೆಲ್ಲಿತ್ತು. ಬಸ್ಸಿನವನು ಮತ್ತೆ ಹಾರ್ನ್ ಹೊಡೆದ, ತಲೆ ಹೊರಗೆ ಹಾಕಿ "ಗಾಡಿ ಬಂದ್ ಬಿತ್ತೇನ್ರೀ?" ಎಂದು ಕೂಗಿದ.

ಅಕ್ಕ ಆರಿಸಿದ ಕಾಳುಗಳನ್ನು ಸೆರಗಿನ ತುದಿಗೆ ಹಾಕಿ, ಒಂದೇ ಕೈಯಿಂದ ಹಲ್ಲಿನ ಸಹಾಯದಲ್ಲಿ ಗಂಟು ಕಟ್ಟಿದಳು.

"ಚಾಲೂನೇ ಅದ," ಅಂದಳು. "ಭಾಲ್ಕಿಗಿ ಹೊಡಿ."